‘ಗ್ಲಿಬ್‌ಸಿ 2.34 ಸಿಗುತ್ತಿಲ್ಲ’ ಎಂದು ಲಿನಕ್ಸ್ ಹಟ ಹಿಡಿದಾಗ: ಲೈಬ್ರರಿ ಆವೃತ್ತಿಗಳ ಜಗಳ ಬಿಡಿಸುವ ಬಗೆ

ಹಳೆಯ ಉಬುಂಟು ಇರುವ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಹೋಗಿ ಮಧ್ಯದಲ್ಲಿ ಸಿಕ್ಕಿಬಿದ್ದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ತಂತ್ರಾಂಶದ ಹೆಸರು ಮಾತ್ರ ಪ್ರತಿಸಲ ಬೇರೆ. ‘ಗ್ಲಿಬ್‌ಸಿಯ ಇಂಥ ಆವೃತ್ತಿ ಬೇಕು ಎನ್ನುತ್ತಿದೆ, ಅದನ್ನು ಎಲ್ಲಿಂದ ಡೌನ್‌ಲೋಡ್ ಮಾಡಲಿ?’ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಎಲ್ಲಿಂದಲೂ ಬೇಡ. ವ್ಯವಸ್ಥೆಯ ಗ್ಲಿಬ್‌ಸಿಯನ್ನು, ಅಂದರೆ ಬಹುತೇಕ ತಂತ್ರಾಂಶಗಳು ಆಧರಿಸುವ ಮೂಲ ಲೈಬ್ರರಿಯನ್ನು, ಇದ್ದಲ್ಲೇ ಬಿಡಿ. ತಂತ್ರಾಂಶಕ್ಕೆ ಏನು ಬೇಕೋ ಅದನ್ನು ಪ್ರತ್ಯೇಕವಾಗಿ ಒದಗಿಸಿ. ಹಾಗೆ ಒದಗಿಸುವ ದಾರಿಗಳು ಕೆಳಗಿವೆ. ಉದಾಹರಣೆಗಳು ಉಬುಂಟು, ಡೆಬಿಯನ್‌ಗಳವು; ಬೇರೆ ವಿತರಣೆ ಬಳಸುವವರಿಗೆ ಆಜ್ಞೆಗಳು ಬದಲಾದರೂ ತರ್ಕ ಬದಲಾಗುವುದಿಲ್ಲ.

ಇನ್ನೊಂದು ಮಾತು. ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಅಡ್ಡಗೆರೆ, ಚುಕ್ಕಿ, ಅಂಕಿಗಳು ಇದ್ದ ಹಾಗೆಯೇ.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

ಲೈಬ್ರರಿ ಎಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್. ಕಡತ ತೆರೆಯುವುದು, ಮೆಮೊರಿ ಕೇಳಿ ಪಡೆಯುವುದು, ತೆರೆಯ ಮೇಲೆ ಅಕ್ಷರ ಮೂಡಿಸುವುದು ಮುಂತಾದ ಕೆಲಸಗಳನ್ನು ಪ್ರತಿ ತಂತ್ರಾಂಶವೂ ಹೊಸದಾಗಿ ಬರೆದುಕೊಳ್ಳುವುದಿಲ್ಲ. ಗ್ನೂ ಸಿ ಲೈಬ್ರರಿಯನ್ನು, ಅಂದರೆ ಗ್ಲಿಬ್‌ಸಿಯನ್ನು, ಕರೆಯುತ್ತದೆ. ಅದರ ಮುಖ್ಯ ಕಡತ ‘ಲಿಬ್‌ಸಿ.ಎಸ್‌ಒ.6’. ಕೊನೆಯಲ್ಲಿರುವ 6 ಲೈಬ್ರರಿಯ ಹೊರ ಸಂಖ್ಯೆ. ಹೊಂದಾಣಿಕೆ ಕಡಿದುಹೋಗುವಂಥ ಬದಲಾವಣೆ ಆದಾಗ ಮಾತ್ರ ಈ ಸಂಖ್ಯೆ ಬದಲಾಗುತ್ತದೆ. ಗ್ಲಿಬ್‌ಸಿ ದಶಕಗಳಿಂದ 6ರಲ್ಲೇ ನಿಂತಿದೆ. ಒಳಗೆ ಮಾತ್ರ ಪ್ರತಿ ಕಾರ್ಯಕ್ಕೂ 2.17, 2.28, 2.34 ಎಂಬಂತೆ ಆವೃತ್ತಿಯ ಚೀಟಿ ಅಂಟಿರುತ್ತದೆ.

ಈ ಚೀಟಿಗಳಿಂದಾಗಿ ಹೊಂದಾಣಿಕೆ ಒಮ್ಮುಖವಾಗಿದೆ. ಹಳೆಯ ಗ್ಲಿಬ್‌ಸಿ ಇರುವ ಯಂತ್ರದಲ್ಲಿ ತಯಾರಾದ ತಂತ್ರಾಂಶ ಹೊಸದರಲ್ಲಿ ಓಡುತ್ತದೆ. ಹೊಸದರಲ್ಲಿ ತಯಾರಾದದ್ದು ಹಳೆಯದರಲ್ಲಿ ಓಡುತ್ತದೆಂಬ ಭರವಸೆ ಇಲ್ಲ. ನಿಮಗೆ ಬರುತ್ತಿರುವ ದೋಷಗಳಲ್ಲಿ ಬಹುಪಾಲು ಈ ಒಂದು ನಿಯಮದಿಂದಲೇ ಹುಟ್ಟಿದವು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಸುಡೊ ಅಧಿಕಾರ (ನಿರ್ವಾಹಕರಾಗಿ ಆಜ್ಞೆ ಓಡಿಸುವ ಹಕ್ಕು), ಮುಖ್ಯ ಕಡತಗಳ ಬ್ಯಾಕಪ್, ಮತ್ತು 8 ಜಿಬಿ ಪೆನ್‌ಡ್ರೈವ್‌ನಲ್ಲಿ ಒಂದು ಲೈವ್ ಉಬುಂಟು (ಪೆನ್‌ಡ್ರೈವ್‌ನಿಂದಲೇ ಓಡುವಂಥದ್ದು). ಕೊನೆಯದು ಬೇಕಾಗದಿರಲಿ. ಆದರೆ ಬೇಕಾದ ಹೊತ್ತಿನಲ್ಲಿ ಅದನ್ನು ತಯಾರಿಸಲು ಇನ್ನೊಂದು ಕಂಪ್ಯೂಟರ್ ಹುಡುಕಬೇಕಾಗುತ್ತದೆ, ಆದ್ದರಿಂದ ಈಗಲೇ ಮಾಡಿಡಿ.

ಹಂತ 1: ದೋಷ ಸಂದೇಶವನ್ನು ಪೂರ್ತಿ ಓದಿ

ಕೆಂಪು ಅಕ್ಷರ ಕಂಡ ಕೂಡಲೇ ಸಂದೇಶವನ್ನು ಹುಡುಕಾಟದ ಪೆಟ್ಟಿಗೆಗೆ ಅಂಟಿಸಿ, ಮೊದಲು ಸಿಕ್ಕ ಆಜ್ಞೆಯನ್ನು ಓಡಿಸುವ ಅಭ್ಯಾಸವೇ ಇಲ್ಲಿನ ನಿಜವಾದ ಅಪಾಯ. ಸಂದೇಶಗಳಲ್ಲಿ ನಾಲ್ಕು ಜಾತಿ ಇವೆ, ನಾಲ್ಕಕ್ಕೂ ಮದ್ದು ಬೇರೆ.

‘ವರ್ಷನ್ ಗ್ಲಿಬ್‌ಸಿ_2.34 ನಾಟ್ ಫೌಂಡ್’ ಎಂದಿದ್ದರೆ ಲೈಬ್ರರಿ ಇದೆ, ಆದರೆ ಹಳೆಯದು. ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್’ ಎಂದಿದ್ದರೆ ಆ ಹೊರ ಸಂಖ್ಯೆಯ ಲೈಬ್ರರಿ ನಿಮ್ಮಲ್ಲಿ ಇಲ್ಲವೇ ಇಲ್ಲ. ‘ಅನ್‌ಮೆಟ್ ಡಿಪೆಂಡೆನ್ಸೀಸ್’ ಅಥವಾ ‘ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಎಂದು ಬಂದರೆ ತಂತ್ರಾಂಶ ಓಡುವ ತನಕ ಹೋಗಿಯೇ ಇಲ್ಲ. ಅನುಸ್ಥಾಪನೆ ನೋಡಿಕೊಳ್ಳುವ ಆಪ್ಟ್ ಬಾಗಿಲಲ್ಲೇ ತಡೆದಿದೆ.

ನಾಲ್ಕನೆಯದು ತುಂಬ ಜನರ ತಲೆ ಕೆಡಿಸುತ್ತದೆ. ಕಡತ ಕಣ್ಣೆದುರೇ ಇದೆ, ಓಡಿಸಿದರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎನ್ನುತ್ತದೆ. ಸಿಗದಿರುವುದು ನಿಮ್ಮ ಕಡತ ಅಲ್ಲ, ಅದನ್ನು ಮೆಮೊರಿಗೆ ಏರಿಸುವ ಲೋಡರ್. 64 ಬಿಟ್ ಯಂತ್ರದಲ್ಲಿ 32 ಬಿಟ್ ತಂತ್ರಾಂಶ ಓಡಿಸಿದಾಗ, ಅಥವಾ ಗ್ಲಿಬ್‌ಸಿಯ ಬದಲು ಮಸಲ್ ಎಂಬ ಬೇರೆ ಸಿ ಲೈಬ್ರರಿ ಬಳಸುವ ಆಲ್ಪೈನ್ ಲಿನಕ್ಸ್‌ನಲ್ಲಿ ಹೀಗಾಗುತ್ತದೆ. ‘ಫೈಲ್’ ಆಜ್ಞೆಗೆ ಆ ಕಡತದ ಹೆಸರು ಕೊಟ್ಟರೆ ಅದು ಯಾವ ಬಗೆಯ ಯಂತ್ರಕ್ಕೆ ತಯಾರಾದದ್ದು, ಯಾವ ಲೋಡರ್ ಕೇಳುತ್ತಿದೆ ಎಂದು ಹೇಳಿಬಿಡುತ್ತದೆ.

ಹಂತ 2: ನಿಮ್ಮಲ್ಲಿರುವುದು ಎಷ್ಟು, ಅದು ಕೇಳುತ್ತಿರುವುದು ಎಷ್ಟು

‘ಎಲ್‌ಡಿಡಿ --ವರ್ಷನ್’ ಓಡಿಸಿ. ಮೊದಲ ಸಾಲಿನ ಕೊನೆಯ ಸಂಖ್ಯೆ ನಿಮ್ಮ ಗ್ಲಿಬ್‌ಸಿ ಆವೃತ್ತಿ. ಹೋಲಿಸಿ ನೋಡಲು:

- ಉಬುಂಟು 18.04ರಲ್ಲಿ 2.27, 20.04ರಲ್ಲಿ 2.31, 22.04ರಲ್ಲಿ 2.35, 24.04ರಲ್ಲಿ 2.39
- ಡೆಬಿಯನ್ 10ರಲ್ಲಿ 2.28, 11ರಲ್ಲಿ 2.31, 12ರಲ್ಲಿ 2.36, 13ರಲ್ಲಿ 2.41
- ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ಮತ್ತು ಸೆಂಟ್‌ಒಎಸ್ 7ರಲ್ಲಿ 2.17, ರೆಡ್ ಹ್ಯಾಟ್ 8ರಲ್ಲಿ 2.28, 9ರಲ್ಲಿ 2.34

ತಂತ್ರಾಂಶ ಏನು ಕೇಳುತ್ತಿದೆ ಎಂದು ತಿಳಿಯಲು ‘ಬಿನ್‌ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಂಡು ‘ಆಬ್ಜ್‌ಡಂಪ್ -ಟಿ’ ಆಜ್ಞೆಗೆ (ಟಿ ದೊಡ್ಡಕ್ಷರದಲ್ಲಿ) ಕಡತದ ಹೆಸರು ಕೊಡಿ. ಉದ್ದನೆಯ ಪಟ್ಟಿಯನ್ನು ಗ್ರೆಪ್ ಮೂಲಕ ಸೋಸಿ, ‘ಗ್ಲಿಬ್‌ಸಿ_’ (ದೊಡ್ಡಕ್ಷರಗಳಲ್ಲಿ, ಅಡಿಗೆರೆ ಸಹಿತ) ಎಂದಿರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಯಾವುದೋ ಅದೇ ತಂತ್ರಾಂಶದ ಕನಿಷ್ಠ ಬೇಡಿಕೆ. ಈ ಕೆಲಸಕ್ಕೆ ಎಲ್‌ಡಿಡಿಯನ್ನೂ ಬಳಸಬಹುದು; ಆದರೆ ಎಲ್‌ಡಿಡಿ ಕೆಲವು ಸಂದರ್ಭಗಳಲ್ಲಿ ಆ ಕಡತದ ಕೋಡನ್ನೇ ಓಡಿಸಿಬಿಡುತ್ತದೆ. ಗುರುತು ಪರಿಚಯವಿಲ್ಲದ ತಾಣದಿಂದ ಇಳಿಸಿಕೊಂಡ ಕಡತಕ್ಕೆ ಎಲ್‌ಡಿಡಿ ಬೇಡ, ಆಬ್ಜ್‌ಡಂಪ್ ಸಾಕು.

2.34 ಎಂಬ ಸಂಖ್ಯೆಯೇ ಪದೇ ಪದೇ ಎದುರಾಗುವುದಕ್ಕೆ ಕಾರಣವಿದೆ. 2021ರ ಆಗಸ್ಟ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ, ಅಲ್ಲಿಯವರೆಗೆ ಬೇರೆ ಬೇರೆ ಕಡತಗಳಲ್ಲಿದ್ದ ಪಿಥ್ರೆಡ್ ಮುಂತಾದ ಭಾಗಗಳು ಮುಖ್ಯ ಲಿಬ್‌ಸಿಯೊಳಗೇ ಸೇರಿದವು. ಜೊತೆಗೆ, ಪ್ರತಿ ತಂತ್ರಾಂಶ ಶುರುವಾಗುವಾಗ ಮೊಟ್ಟಮೊದಲು ಕರೆಯುವ ಆರಂಭಿಕ ಕಾರ್ಯಕ್ಕೂ ಹೊಸ ಚೀಟಿ ಅಂಟಿತು. ಹಾಗಾಗಿ 2.34 ಅಥವಾ ಅದಕ್ಕಿಂತ ಹೊಸ ಗ್ಲಿಬ್‌ಸಿ ಇರುವ ಯಂತ್ರದಲ್ಲಿ ಮಾಮೂಲಿ ರೀತಿಯಲ್ಲಿ ತಯಾರಾದ ಯಾವುದೇ ತಂತ್ರಾಂಶ, ಬರೀ ‘ನಮಸ್ಕಾರ’ ಎಂದು ಬರೆದು ನಿಲ್ಲುವಂಥದ್ದೂ, 2.34 ಬೇಕೆಂದು ಕೇಳುತ್ತದೆ. ಅದಕ್ಕೆ ಹೊಸ ಸೌಲಭ್ಯವೇನೂ ಬೇಕಿರುವುದಿಲ್ಲ. ಆ ತಂತ್ರಾಂಶದ ಕರ್ತೃವಿಗೆ ಬರೆಯುವುದಾದರೆ ಇದನ್ನೇ ಬರೆಯಿರಿ: ಕೋಡಿನಲ್ಲಿ ಒಂದಕ್ಷರ ಬದಲಿಸದೆ, ಹಳೆಯ ವಿತರಣೆಯ ಮೇಲೆ ಮತ್ತೊಮ್ಮೆ ತಯಾರಿಸಿಕೊಟ್ಟರೆ ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಹಂತ 3: ಇವುಗಳ ತಂಟೆಗೆ ಹೋಗಬೇಡಿ

ಎಲ್ಲಿಂದಲೋ ತಂದ ಹೊಸ ‘ಲಿಬ್‌ಸಿ.ಎಸ್‌ಒ.6’ ಕಡತವನ್ನು ಹಳೆಯದರ ಮೇಲೆ ನಕಲಿಸಬೇಡಿ. ಲಿಬ್‌ಸಿ ಮತ್ತು ಲೋಡರ್ ಒಂದೇ ಆವೃತ್ತಿಯ ಜೋಡಿಯಾಗಿರಬೇಕು. ಜೋಡಿ ತಪ್ಪಿದ ಕ್ಷಣದಿಂದ ಕಡತ ತೋರಿಸುವ ಎಲ್‌ಎಸ್, ನಕಲಿಸುವ ಸಿಪಿ, ಅಧಿಕಾರ ಕೊಡುವ ಸುಡೊ ಯಾವುದೂ ಏಳುವುದಿಲ್ಲ. ಅಂದರೆ ತಪ್ಪನ್ನು ಸರಿಪಡಿಸಲು ಬೇಕಾದ ಸಲಕರಣೆಗಳೇ ತಪ್ಪಿನ ಜೊತೆ ಹೋಗಿರುತ್ತವೆ.

‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3’ ಕಡತಕ್ಕೆ ‘1.1’ ಎಂಬ ಹೆಸರಿನ ಕೊಂಡಿ ಮಾಡಿಕೊಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹೆಸರು ಬದಲಾದರೆ ಒಳಗಿನ ಚೀಟಿಗಳು ಬದಲಾಗುವುದಿಲ್ಲ. ‘ಓಪನ್‌ಎಸ್‌ಎಸ್‌ಎಲ್_1_1_0 ನಾಟ್ ಫೌಂಡ್’ ಎಂಬ ಮುಂದಿನ ದೋಷ ಬರುತ್ತದೆ ಅಷ್ಟೆ. ಚೀಟಿ ಇಲ್ಲದ ಲೈಬ್ರರಿಗಳಿಗೆ ಇದೇ ತಂತ್ರ ಮಾಡಿದರೆ ಇನ್ನೂ ಕಷ್ಟ: ತಂತ್ರಾಂಶ ಓಡುತ್ತದೆ, ಯಾವಾಗಲೋ ಒಮ್ಮೆ ಕಾರಣ ತಿಳಿಯದಂತೆ ಕುಸಿಯುತ್ತದೆ.

ಹೊಸ ಬಿಡುಗಡೆಯ ಪ್ಯಾಕೇಜ್ ಭಂಡಾರವನ್ನು ಹಳೆಯ ಬಿಡುಗಡೆಯ ಮೂಲಗಳ ಪಟ್ಟಿಗೆ ಸೇರಿಸಬೇಡಿ. ಒಂದು ಪ್ಯಾಕೇಜ್ ಕೇಳಿದರೆ ಅದು ಗ್ಲಿಬ್‌ಸಿಯನ್ನು ಎಳೆಯುತ್ತದೆ, ಗ್ಲಿಬ್‌ಸಿ ಇನ್ನೂ ಹತ್ತನ್ನು ಎಳೆಯುತ್ತದೆ. ಅರ್ಧ ಹಳತು ಅರ್ಧ ಹೊಸತಾದ ಇಂಥ ವ್ಯವಸ್ಥೆಗೆ ಡೆಬಿಯನ್ ಬಳಗದವರು ಫ್ರಾಂಕನ್‌ಡೆಬಿಯನ್ ಎಂದು ಹೆಸರಿಟ್ಟಿದ್ದಾರೆ. ಬೇರೆ ಬೇರೆ ದೇಹಗಳ ತುಂಡು ಜೋಡಿಸಿದ ಫ್ರಾಂಕನ್‌ಸ್ಟೈನ್ ಕಥೆಯ ಜೀವಿಯ ನೆನಪು ಅದು; ಸುಮ್ಮನೆ ಇಟ್ಟ ಹೆಸರಲ್ಲ.

‘ಡಿಪಿಕೆಜಿ --ಫೋರ್ಸ್-ಡಿಪೆಂಡ್ಸ್’ ಕೂಡ ಬೇಡ. ಅದು ಜಗಳ ಬಿಡಿಸುವುದಿಲ್ಲ, ಪ್ಯಾಕೇಜ್ ಹಾಕುವ ಡಿಪಿಕೆಜಿಯ ಬಾಯಿಯನ್ನು ಆ ಕ್ಷಣಕ್ಕೆ ಮುಚ್ಚಿಸುತ್ತದೆ. ಮುಂದೆ ನೀವು ಯಾವ ಪ್ಯಾಕೇಜ್ ಹಾಕಲು ಹೋದರೂ ಆಪ್ಟ್‌ನಿಂದ ಅದೇ ದೂರು ಎದುರಾಗುತ್ತದೆ.

ಹಂತ 4: ಅದೇ ತಂತ್ರಾಂಶದ ಬೇರೆ ರೂಪ ಹುಡುಕಿ

ನನ್ನ ಅನುಭವದಲ್ಲಿ ಹೆಚ್ಚಿನ ಜಗಳಗಳು ಈ ಹಂತದಲ್ಲೇ ಮುಗಿಯುತ್ತವೆ, ಆದರೂ ಜನ ಇದನ್ನು ಹಾರಿಸಿ ಮುಂದೆ ಹೋಗುತ್ತಾರೆ. ನಿಮ್ಮ ವಿತರಣೆಯ ಭಂಡಾರದಲ್ಲಿ ಸ್ವಲ್ಪ ಹಳೆಯ ಆವೃತ್ತಿ ಇದೆಯೇ ಎಂದು ‘ಆಪ್ಟ್-ಕ್ಯಾಶ್ ಪಾಲಿಸಿ’ ಆಜ್ಞೆಯಿಂದ ನೋಡಿ. ಡೆಬಿಯನ್ ಬಳಸುವವರಾದರೆ ಬ್ಯಾಕ್‌ಪೋರ್ಟ್ಸ್ ಭಂಡಾರವನ್ನೂ ನೋಡಿ. ಅಲ್ಲಿರುವುದು ಹೊಸ ತಂತ್ರಾಂಶವೇ, ಆದರೆ ನಿಮ್ಮ ಬಿಡುಗಡೆಯ ಲೈಬ್ರರಿಗಳ ಮೇಲೆ ಮರಳಿ ತಯಾರಾದದ್ದು. ಕರ್ತೃವಿನ ಡೌನ್‌ಲೋಡ್ ಪುಟದಲ್ಲಿ ‘ಸ್ಟ್ಯಾಟಿಕ್’ ಅಥವಾ ‘ಮಸಲ್’ ಎಂದು ಗುರುತಿಸಿದ ಕಡತ ಇದ್ದರೆ ಅದನ್ನೇ ಇಳಿಸಿಕೊಳ್ಳಿ. ಅಂಥವು ಸಾಮಾನ್ಯವಾಗಿ ಲೈಬ್ರರಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುವುದರಿಂದ ನಿಮ್ಮ ಗ್ಲಿಬ್‌ಸಿಯ ಗೊಡವೆಗೆ ಬರುವುದಿಲ್ಲ.

ಚಿತ್ರಾತ್ಮಕ ತಂತ್ರಾಂಶವಾದರೆ ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ರೂಪ ಒಳ್ಳೆಯದು. ಎರಡೂ ಮೂಲ ಲೈಬ್ರರಿಗಳನ್ನು, ಗ್ಲಿಬ್‌ಸಿ ಸಹಿತ, ತಾವೇ ಹೊತ್ತು ತರುತ್ತವೆ. ಡಿಸ್ಕಿನಲ್ಲಿ ಜಾಗ ಹೆಚ್ಚು ತಿನ್ನುತ್ತವೆ ಎಂಬ ದೂರು ನಿಜ. ನೆಮ್ಮದಿಗೆ ಅಷ್ಟು ಬೆಲೆ ಕೊಡಬಹುದು.

ಆಪ್‌ಇಮೇಜ್ ವಿಷಯದಲ್ಲಿ ಮಾತ್ರ ಎಚ್ಚರ. ಒಂದೇ ಕಡತದಲ್ಲಿ ಎಲ್ಲವೂ ಇರುತ್ತದೆ ಎಂದುಕೊಳ್ಳುತ್ತಾರೆ, ಆದರೆ ಸಾಮಾನ್ಯವಾಗಿ ಗ್ಲಿಬ್‌ಸಿ ಅದರಲ್ಲಿ ಇರುವುದಿಲ್ಲ. ಹೊಸ ಯಂತ್ರದಲ್ಲಿ ಕಟ್ಟಿದ ಆಪ್‌ಇಮೇಜ್ ನಿಮ್ಮ ಹಳೆಯ ಉಬುಂಟುವಿನಲ್ಲಿ ಅದೇ 2.34ರ ರಾಗ ಹಾಡಬಹುದು. ಇನ್ನೊಂದು ತೊಡಕು: ಅನೇಕ ಆಪ್‌ಇಮೇಜ್‌ಗಳಿಗೆ ಫ್ಯೂಸ್ ಲೈಬ್ರರಿಯ 2ನೇ ಆವೃತ್ತಿ ಬೇಕು, ಉಬುಂಟು 22.04ರಿಂದ ಈಚೆಗೆ ಅದು ತಾನಾಗಿ ಬಂದಿರುವುದಿಲ್ಲ. 22.04ರಲ್ಲಿ ‘ಲಿಬ್‌ಫ್ಯೂಸ್2’ ಹಾಕಿ, 24.04ರಲ್ಲಿ ‘ಲಿಬ್‌ಫ್ಯೂಸ್2ಟಿ64’ ಹಾಕಿ. ಮುಂದೆ ‘ಲಿಬ್’ ಇಲ್ಲದ ಬರೀ ‘ಫ್ಯೂಸ್’ ಪ್ಯಾಕೇಜ್ ಹಾಕಲು ಹೋಗಬೇಡಿ; ಅದು ಬರುವಾಗ ‘ಫ್ಯೂಸ್3’ ಹೊರಹೋಗುತ್ತದೆ, ಅದರ ಬೆನ್ನಿಗೆ ಡೆಸ್ಕ್‌ಟಾಪಿನ ಭಾಗಗಳೂ ಹೋಗಬಹುದು.

ಈ ‘ಟಿ64’ ಬಾಲ ಎಲ್ಲಿಂದ ಬಂತು? 32 ಬಿಟ್ ಯಂತ್ರಗಳ ಗಡಿಯಾರದ ಎಣಿಕೆ 2038ರಲ್ಲಿ ತುಂಬಿಹೋಗುತ್ತದೆ. ಅದನ್ನು ತಪ್ಪಿಸಲು ಸಮಯದ ಲೆಕ್ಕವನ್ನು 64 ಬಿಟ್‌ಗೆ ಏರಿಸಿದರು, ಆ ಸಂದರ್ಭದಲ್ಲಿ ನೂರಾರು ಪ್ಯಾಕೇಜ್‌ಗಳ ಹೆಸರು ಬದಲಾಯಿತು. 24.04ರಲ್ಲಿ ‘ಲಿಬ್‌ಅಸೌಂಡ್2’ ಎಂದು ಕೇಳಿದರೆ ಆಪ್ಟ್ ‘ಅನುಸ್ಥಾಪನೆಗೆ ಯೋಗ್ಯ ಪ್ಯಾಕೇಜ್ ಇಲ್ಲ’ ಎನ್ನುತ್ತದೆ; ‘ಲಿಬ್‌ಅಸೌಂಡ್2ಟಿ64’ ಎಂದರೆ ತಕ್ಷಣ ಕೊಡುತ್ತದೆ. ಹಳೆಯ ಲೇಖನ ನೋಡಿ ಆಜ್ಞೆ ಅಂಟಿಸುವವರು ಎಡವುವ ಜಾಗ ಇದು.

ಹಂತ 5: ತಂತ್ರಾಂಶಕ್ಕೆ ಪ್ರತ್ಯೇಕ ಕೋಣೆ ಮಾಡಿಕೊಡಿ

ಬೇರೆ ರೂಪ ಸಿಗದಿದ್ದರೆ ಕಂಟೇನರ್ ಬಳಸಿ. ಕಂಟೇನರ್ ಎಂದರೆ ನಿಮ್ಮ ಕರ್ನೆಲ್ (ವ್ಯವಸ್ಥೆಯ ತಿರುಳು) ಮೇಲೆಯೇ ಓಡುವ, ಆದರೆ ಲೈಬ್ರರಿಗಳೆಲ್ಲ ಬೇರೆಯೇ ಇರುವ ಪ್ರತ್ಯೇಕ ಆವರಣ. ನಿಮ್ಮ ಉಬುಂಟು 20.04ರೊಳಗೆ 24.04ರ ಲೈಬ್ರರಿಗಳನ್ನು ಬಳಸಬಹುದು, ಎರಡಕ್ಕೂ ಮುಖಾಮುಖಿ ಆಗುವುದಿಲ್ಲ.

ಟರ್ಮಿನಲ್ ತಂತ್ರಾಂಶಕ್ಕೆ ಡಾಕರ್ ಅಥವಾ ಪಾಡ್‌ಮನ್ ಸಾಕು. 20.04ರ ಅಧಿಕೃತ ಭಂಡಾರದಲ್ಲಿ ಪಾಡ್‌ಮನ್ ಇಲ್ಲ, ‘ಡಾಕರ್.ಐಒ’ ಇದೆ. ಹಾಕಿದ ಮೇಲೆ ತಂತ್ರಾಂಶ ಇರುವ ಫೋಲ್ಡರಿಗೆ ಹೋಗಿ ‘ಸುಡೊ ಡಾಕರ್ ರನ್ -ಐಟಿ --ಆರ್‌ಎಂ -ವಿ "$ಪಿಡಬ್ಲ್ಯುಡಿ":/ವರ್ಕ್ -ಡಬ್ಲ್ಯು /ವರ್ಕ್ ಉಬುಂಟು:24.04 ಬ್ಯಾಶ್’ ಓಡಿಸಿ (ಪಿಡಬ್ಲ್ಯುಡಿ ಮಾತ್ರ ದೊಡ್ಡಕ್ಷರದಲ್ಲಿ). ಈಗಿನ ಫೋಲ್ಡರ್ ಒಳಗೆ ‘/ವರ್ಕ್’ ಎಂಬ ಹೆಸರಿನಲ್ಲಿ ಕಾಣಿಸುತ್ತದೆ, ತಂತ್ರಾಂಶ ಅಲ್ಲಿಂದ ಓಡುತ್ತದೆ. ಸುಡೊ ಟೈಪ್ ಮಾಡಲು ಬೇಸರವೆಂದು ಬಳಕೆದಾರರನ್ನು ಡಾಕರ್ ಗುಂಪಿಗೆ ಸೇರಿಸುವವರಿದ್ದಾರೆ. ಆ ಗುಂಪಿನ ಸದಸ್ಯತ್ವ ಪೂರ್ಣ ನಿರ್ವಾಹಕ ಅಧಿಕಾರಕ್ಕೆ ಸಮ ಎಂಬುದು ಗೊತ್ತಿರಲಿ. ಹಲವರು ಹಂಚಿಕೊಳ್ಳುವ ಲ್ಯಾಬಿನ ಯಂತ್ರದಲ್ಲಿ ಹಾಗೆ ಮಾಡಲೇಬಾರದು.

ಕಿಟಕಿ ತೆರೆಯುವ ತಂತ್ರಾಂಶವಾದರೆ ಡಿಸ್ಟ್ರೋಬಾಕ್ಸ್ ಅನುಕೂಲ. ಅದು ಡಾಕರ್ ಅಥವಾ ಪಾಡ್‌ಮನ್ ಮೇಲೆ ಕೂತು ನಿಮ್ಮ ತೆರೆ, ಧ್ವನಿ, ಮನೆ ಫೋಲ್ಡರ್ ಎಲ್ಲವನ್ನೂ ಕಂಟೇನರ್ ಜೊತೆ ಹಂಚಿಕೊಳ್ಳುತ್ತದೆ. ಈ ಹಂಚಿಕೆಯನ್ನು ಮರೆಯಬೇಡಿ: ಒಳಗೆ ನಿಂತು ಮನೆ ಫೋಲ್ಡರಿನ ಕಡತ ಅಳಿಸಿದರೆ ಹೊರಗೂ ಅಳಿಯುತ್ತದೆ.

ಎರಡು ಮಿತಿಗಳಿವೆ. ಕರ್ನೆಲ್‌ಗೆ ಸೇರಿದ ಡ್ರೈವರ್‌ಗಳನ್ನು ಕಂಟೇನರ್ ಒದಗಿಸಲಾರದು. ಎರಡನೆಯದಾಗಿ, ನಿಮ್ಮ ಡಾಕರ್ 20.10.10ಕ್ಕಿಂತ ಹಳೆಯದಾಗಿದ್ದರೆ ಉಬುಂಟು 22.04 ಮತ್ತು ಅದಕ್ಕಿಂತ ಹೊಸ ಚಿತ್ರಿಕೆಗಳು (ಕಂಟೇನರ್ ತಯಾರಾಗುವ ಅಚ್ಚುಗಳು, ಇಮೇಜ್) ಒಳಗೆ ವಿಚಿತ್ರವಾಗಿ ಸೋಲುತ್ತವೆ. ಹೊಸ ಗ್ಲಿಬ್‌ಸಿ ಬಳಸುವ ‘ಕ್ಲೋನ್3’ ಎಂಬ ಕರ್ನೆಲ್ ಕರೆಯನ್ನು ಹಳೆಯ ಡಾಕರ್‌ನ ಭದ್ರತಾ ನಿಯಮ ತಡೆಯುತ್ತದೆ. ಡಾಕರ್ ನವೀಕರಿಸಿದರೆ ಸರಿಹೋಗುತ್ತದೆ.

ಹಂತ 6: ಪೈಥಾನ್ ಮತ್ತು ಕೊಂಡಾ ಬಳಸುವವರಿಗೆ

‘ಗ್ಲಿಬ್‌ಸಿಎಕ್ಸ್‌ಎಕ್ಸ್_3.4.30 ನಾಟ್ ಫೌಂಡ್’ ಎಂಬುದು ಮೇಲ್ನೋಟಕ್ಕೆ ಅದೇ ದೋಷದಂತೆ ಕಂಡರೂ ಬೇರೆ. ಇದು ಸಿ++ ಲೈಬ್ರರಿಯ ದೂರು, 3.4.30 ಬಂದದ್ದು ಜಿಸಿಸಿ ಕಂಪೈಲರಿನ 12ನೇ ಆವೃತ್ತಿಯ ಜೊತೆ. ಗಮ್ಮತ್ತೆಂದರೆ ಎಷ್ಟೋ ಸಲ ವ್ಯವಸ್ಥೆಯಲ್ಲಿ ಹೊಸದೇ ಇರುತ್ತದೆ, ಕೊಂಡಾ (ಪ್ರತ್ಯೇಕ ಪರಿಸರ ಕಟ್ಟಿ ಪ್ಯಾಕೇಜ್ ಹಾಕುವ ಸಲಕರಣೆ) ಪರಿಸರದೊಳಗಿನ ಹಳೆಯ ಪ್ರತಿ ಮುಂದೆ ಬಂದು ನಿಂತಿರುತ್ತದೆ. ದೋಷ ಸಂದೇಶದ ಮೊದಲಲ್ಲೇ ಕಡತದ ಪೂರ್ತಿ ವಿಳಾಸ ಇರುತ್ತದೆ, ಅದನ್ನು ನೋಡಿ. ವಿಳಾಸದಲ್ಲಿ ಕೊಂಡಾ ಫೋಲ್ಡರ್ ಕಂಡರೆ ಆ ಪರಿಸರದೊಳಗೆ ಕೊಂಡಾ-ಫೋರ್ಜ್ ವಾಹಿನಿಯಿಂದ ‘ಲಿಬ್‌ಎಸ್‌ಟಿಡಿಸಿಎಕ್ಸ್‌ಎಕ್ಸ್-ಎನ್‌ಜಿ’ ಪ್ಯಾಕೇಜನ್ನು ನವೀಕರಿಸಿದರೆ ಮುಗಿಯಿತು.

ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಬಳಸುವಾಗ ನೂರಾರು ಸಾಲಿನ ಸಿ++ ದೋಷಗಳು ಉಕ್ಕಿ ಬಂದರೆ ಗಾಬರಿ ಬೇಡ, ಅವನ್ನು ಓದುವುದೂ ಬೇಡ. ಪೈಥಾನ್ ಪ್ಯಾಕೇಜ್‌ಗಳ ಸಿದ್ಧ ಕಟ್ಟುಗಳಿಗೆ ವೀಲ್ ಎನ್ನುತ್ತಾರೆ. ವೀಲ್ ಹೆಸರಿನಲ್ಲಿ ‘ಮೆನಿಲಿನಕ್ಸ್2014’ ಎಂದಿದ್ದರೆ ಗ್ಲಿಬ್‌ಸಿ 2.17 ಸಾಕು, ‘ಮೆನಿಲಿನಕ್ಸ್_2_28’ ಎಂದಿದ್ದರೆ 2.28 ಬೇಕು. ನಿಮ್ಮ ಗ್ಲಿಬ್‌ಸಿಗೆ ಹೊಂದುವ ವೀಲ್ ಸಿಗದಿದ್ದಾಗ ಪಿಪ್ ಸದ್ದಿಲ್ಲದೆ ಮೂಲ ಕೋಡ್ ಇಳಿಸಿ ತಾನೇ ಕಟ್ಟಲು ಹೊರಡುತ್ತದೆ, ದೋಷಗಳ ಮಳೆ ಅಲ್ಲಿಂದ ಶುರು. ‘--ಓನ್ಲಿ-ಬೈನರಿ :ಆಲ್:’ ಸೇರಿಸಿ ಓಡಿಸಿದರೆ ಪಿಪ್ ಕಟ್ಟುವ ಗೋಜಿಗೆ ಹೋಗದೆ, ಹೊಂದುವ ವೀಲ್ ಇರುವ ಹಳೆಯ ಆವೃತ್ತಿ ಇದ್ದರೆ ಅದನ್ನು ಆರಿಸಿಕೊಳ್ಳುತ್ತದೆ.

‘ಸುಡೊ ಪಿಪ್’ ಬೇಡ. ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈಚೆಗೆ, ವ್ಯವಸ್ಥೆಯ ಪೈಥಾನ್‌ಗೆ ನೇರವಾಗಿ ಪ್ಯಾಕೇಜ್ ಹಾಕಲು ಪಿಪ್ ಒಪ್ಪುವುದೇ ಇಲ್ಲ. ‘ವಿಇಎನ್‌ವಿ’ ಮೂಲಕ ಪ್ರತಿ ಕೆಲಸಕ್ಕೂ ಪ್ರತ್ಯೇಕ ಪರಿಸರ ಮಾಡಿಕೊಳ್ಳಿ.

ಹಂತ 7: ಆಪ್ಟ್ ತಡೆದಾಗ

ಡೌನ್‌ಲೋಡ್ ಮಾಡಿದ ಡೆಬ್ ಕಡತವನ್ನು (ಡೆಬಿಯನ್, ಉಬುಂಟುಗಳ ಪ್ಯಾಕೇಜ್ ಕಡತ) ‘ಡಿಪಿಕೆಜಿ -ಐ’ ಬದಲು ‘ಸುಡೊ ಆಪ್ಟ್ ಇನ್‌ಸ್ಟಾಲ್ ./ಕಡತದ-ಹೆಸರು’ ಎಂದು ಹಾಕಿ. ಚುಕ್ಕಿ ಮತ್ತು ಓರೆಗೆರೆ ಬಿಡಬೇಡಿ. ಅವಲಂಬನೆಗಳು ಭಂಡಾರದಲ್ಲಿದ್ದರೆ ಆಪ್ಟ್ ತಾನೇ ತರುತ್ತದೆ. ಈಗಾಗಲೇ ಅರ್ಧಕ್ಕೆ ನಿಂತಿದ್ದರೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ನಂತರ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಓಡಿಸಿ, ಹಿಂದೆ ಯಾರಾದರೂ ಯಾವುದಾದರೂ ಪ್ಯಾಕೇಜನ್ನು ಕದಲದಂತೆ ಕಟ್ಟಿಹಾಕಿದ್ದಾರೆಯೇ ಎಂದು ನೋಡಿ. ಹೊರಗಿನ ಪಿಪಿಎ, ಅಂದರೆ ಖಾಸಗಿ ಭಂಡಾರ, ಕಾರಣವಾಗಿದ್ದರೆ ‘ಪಿಪಿಎ-ಪರ್ಜ್’ ಅದನ್ನು ತೆಗೆದು ಅಧಿಕೃತ ಆವೃತ್ತಿಗೆ ಮರಳಿಸುತ್ತದೆ.

‘ವೈ’ ಒತ್ತುವ ಮೊದಲು ತೆಗೆದುಹಾಕುವ ಪ್ಯಾಕೇಜ್‌ಗಳ ಪಟ್ಟಿಯನ್ನು ಓದಿ. ಅದರಲ್ಲಿ ‘ಉಬುಂಟು-ಡೆಸ್ಕ್‌ಟಾಪ್’ ಅಥವಾ ‘ಗ್ನೋಮ್-ಶೆಲ್’ ಕಂಡರೆ ‘ಎನ್’ ಒತ್ತಿ ಹೊರಬನ್ನಿ.

ಹಂತ 8: ವ್ಯವಸ್ಥೆಯನ್ನೇ ಮೇಲಕ್ಕೇರಿಸುವುದು

ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ಉಬುಂಟು 18.04ರ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಿಗೆ, 20.04ರದ್ದು 2025ರ ಮೇ ತಿಂಗಳಿಗೆ ಮುಗಿಯಿತು. ಇವುಗಳಲ್ಲಿ ಇರುವವರು ಹಂತ 4, 5ರಿಂದ ಇವತ್ತಿನ ಕೆಲಸ ಮುಗಿಸಿಕೊಂಡು, ಬಿಡುವಾದಾಗ ವ್ಯವಸ್ಥೆಯನ್ನೇ ಏರಿಸುವುದು ಒಳ್ಳೆಯದು. ಉಬುಂಟುವಿನ ದೀರ್ಘಾವಧಿ ಬಿಡುಗಡೆಗಳನ್ನು ಮೆಟ್ಟಿಲು ತಪ್ಪಿಸದೆ ಏರಬೇಕು: 20.04ರಿಂದ 22.04, ಅಲ್ಲಿಂದ 24.04. ಆಜ್ಞೆ ‘ಸುಡೊ ಡು-ರಿಲೀಸ್-ಅಪ್‌ಗ್ರೇಡ್’. ಶುರು ಮಾಡುವ ಮೊದಲು ಹೊರಗಿನ ಭಂಡಾರಗಳನ್ನು ತೆಗೆಯಿರಿ, ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿ.

ಲಿಬ್‌ಸಿಗೆ ಈಗಾಗಲೇ ಕೈ ಹಾಕಿಬಿಟ್ಟಿದ್ದರೆ

ತೆರೆದಿರುವ ಟರ್ಮಿನಲ್ ಮುಚ್ಚಬೇಡಿ, ಯಂತ್ರ ಮರುಚಾಲನೆ ಮಾಡಬೇಡಿ. ಆ ಟರ್ಮಿನಲ್ ನಿರ್ವಾಹಕ ಅಧಿಕಾರದಲ್ಲೇ ತೆರೆದಿದ್ದರೆ ಮತ್ತು ‘ಬಿಸಿಬಾಕ್ಸ್-ಸ್ಟ್ಯಾಟಿಕ್’ ಮೊದಲೇ ಹಾಕಿದ್ದರೆ ನಿಮ್ಮ ಪುಣ್ಯ: ಅದಕ್ಕೆ ಗ್ಲಿಬ್‌ಸಿ ಬೇಕಿಲ್ಲ, ‘ಬಿಸಿಬಾಕ್ಸ್ ಸಿಪಿ’ ಎಂದು ಹಳೆಯ ಕಡತವನ್ನು ಸ್ವಸ್ಥಾನಕ್ಕೆ ನಕಲಿಸಬಹುದು.

ಇಲ್ಲವಾದರೆ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ, ಹಾರ್ಡ್ ಡಿಸ್ಕಿನ ವಿಭಾಗವನ್ನು ‘/ಎಂಎನ್‌ಟಿ’ಗೆ ಜೋಡಿಸಿ. ನಿಮ್ಮ ಬಿಡುಗಡೆಗೇ ಸೇರಿದ ‘ಲಿಬ್‌ಸಿ6’ ಡೆಬ್ ಕಡತ ಇಳಿಸಿಕೊಂಡು ‘ಡಿಪಿಕೆಜಿ-ಡೆಬ್ -ಎಕ್ಸ್’ ಆಜ್ಞೆಯಿಂದ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿ. ನೇರವಾಗಿ ‘/ಎಂಎನ್‌ಟಿ’ಗೆ ಬಿಚ್ಚಬೇಡಿ, ಈಗಿನ ವಿತರಣೆಗಳಲ್ಲಿ ‘/ಲಿಬ್’ ಒಂದು ಕೊಂಡಿ ಮಾತ್ರ, ಬಿಚ್ಚುವಾಗ ಅದು ಮುರಿಯಬಹುದು. ತಾತ್ಕಾಲಿಕ ಫೋಲ್ಡರಿನಿಂದ ಲಿಬ್‌ಸಿ ಮತ್ತು ಲೋಡರ್ ಎರಡನ್ನೂ ಡಿಸ್ಕಿನಲ್ಲಿ ಅವು ಇರಬೇಕಾದ ಜಾಗಕ್ಕೆ ನಕಲಿಸಿ. ‘ಸಿಎಚ್‌ರೂಟ್ /ಎಂಎನ್‌ಟಿ’ ಎಂದು ಒಳಹೊಕ್ಕಾಗ ‘ಎಲ್‌ಎಸ್’ ಉತ್ತರ ಕೊಟ್ಟರೆ ಅರ್ಧ ಗೆದ್ದಂತೆ. ಅಲ್ಲಿಂದಲೇ ‘ಆಪ್ಟ್ ಇನ್‌ಸ್ಟಾಲ್ --ರಿಇನ್‌ಸ್ಟಾಲ್ ಲಿಬ್‌ಸಿ6’ ಓಡಿಸಿ, ದೋಷವಿಲ್ಲದೆ ಮುಗಿದ ಮೇಲಷ್ಟೇ ಪೆನ್‌ಡ್ರೈವ್ ತೆಗೆದು ಮರುಚಾಲನೆ ಮಾಡಿ.